ಗುಬ್ಬಿಕುಂಟೆ ಕ್ರಾಸಿನ ಎಂಟು ಗಂಟೆ ಬಸ್ಸು

ಕಳೆದ ತಿಂಗಳು ನನ್ನ ತಂಗಿಯ ಅಳಿಯ ಕಂಡಕ್ಟರ್ ಕೆಲಸದಿಂದ ಬಸ್ ನಿಲ್ದಾಣದ ಕಂಟ್ರೋಲರ್ ಆದ. ಫೋನ್ ಮಾಡಿ, "ಮಾವ, ಇನ್ಮೇಲೆ ಕುಂತು ಮಾಡೋ ಕೆಲ್ಸ. ನೀವು ಹನ್ನೆರಡು ವರ್ಷ ಮಾಡೀರಿ, ಏನಾರ ಹೇಳ್ರಿ" ಅಂದ. ಫೋನಿನಲ್ಲಿ ಹೇಳಿದರೆ ಅವನು ಅರ್ಧ ಮರೆಯುತ್ತಾನೆ, ನಾನು ಅರ್ಧ ಬಿಟ್ಟುಬಿಡುತ್ತೇನೆ. ಅದಕ್ಕೆ ಬರೆಯಲು ಕೂತೆ. ಯಾವ ವರ್ಷ ಎಲ್ಲಿಗೆ ವರ್ಗವಾಯಿತು, ಯಾವಾಗ ಬಡ್ತಿ ಬಂತು ಎಂಬುದು ಸೇವಾ ಪುಸ್ತಕದಲ್ಲಿದೆ. ಅದು ಯಾರ ಉಪಯೋಗಕ್ಕೂ ಬರುವುದಿಲ್ಲ.

ಮೊದಲು ತಿಳಿದುಕೊಳ್ಳಬೇಕಾದದ್ದು, ಇದು ಕೂತು ಮಾಡುವ ಕೆಲಸವಲ್ಲ. ಚಳ್ಳಕೆರೆಯ ನಿಲ್ದಾಣದಲ್ಲಿ ನನ್ನ ಕೋಣೆಗೆ ಒಂದು ಕಿಟಕಿ, ಒಂದು ಮೈಕು, ಒಂದು ಗಡಿಯಾರ ಇದ್ದವು. ಬಂದ ಬಸ್ಸಿನ ಸಮಯ ಬರೆದು ಸಹಿ ಹಾಕಬೇಕು, ಹೊರಡುವ ಬಸ್ಸನ್ನು ಮೈಕಿನಲ್ಲಿ ಕೂಗಬೇಕು, ಕೆಟ್ಟು ನಿಂತ ಬಸ್ಸಿಗೆ ಬದಲಿ ಹುಡುಕಬೇಕು. ಇಷ್ಟು ಪುಸ್ತಕದಲ್ಲಿ ಬರೆದಿರುವ ಕೆಲಸ. ಬರೆಯದೆ ಇರುವ ಕೆಲಸವೆಂದರೆ ಬೈಸಿಕೊಳ್ಳುವುದು. ಬಸ್ಸು ಬರದಿದ್ದರೆ ಜನ ಡ್ರೈವರನನ್ನು ಬೈಯುವಂತಿಲ್ಲ, ಅವನು ಬಂದೇ ಇರುವುದಿಲ್ಲ. ಮ್ಯಾನೇಜರ್ ಡಿಪೋದಲ್ಲಿರುತ್ತಾರೆ. ಕಿಟಕಿಯಲ್ಲಿ ಕಾಣುವವನು ಕಂಟ್ರೋಲರ್ ಒಬ್ಬನೇ. ಮೊದಲ ವರ್ಷ ನಾನೂ ತಿರುಗಿ ಬೈಯುತ್ತಿದ್ದೆ. ಆಮೇಲೆ, ಬೈಯುವವರು ಹೆಚ್ಚಾಗಿ ನಿಜವನ್ನೇ ಹೇಳುತ್ತಿರುತ್ತಾರೆ ಎಂದು ಗೊತ್ತಾಗಿ ಸುಮ್ಮನಾದೆ.

ಮೈಕಿನ ವಿಷಯದಲ್ಲಿ ಎಚ್ಚರ. ನಾನು ಸೇರಿದ ಹೊಸತರಲ್ಲಿ ಒಂದು ದಿನ ನಾಯಕನಹಟ್ಟಿಗೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿದೆ ಎಂದು ಕೂಗಿದೆ. ಅದು ನಿಂತಿದ್ದದ್ದು ಐದರಲ್ಲಿ. ಮೂರರಲ್ಲಿದ್ದದ್ದು ಪರಶುರಾಂಪುರದ ಬಸ್ಸು. ಮದುವೆಗೆ ಹೊರಟಿದ್ದ ಮೂವತ್ತು ಜನ, ಅಡಿಗೆಯವನ ಸಮೇತ, ಬೋರ್ಡು ನೋಡದೆ ಹತ್ತಿದರು. ಗೊತ್ತಾದದ್ದು ಊರು ದಾಟಿ ಬಹಳ ದೂರ ಹೋದ ಮೇಲೆ. ಎರಡು ಗಂಟೆ ಬಿಟ್ಟು ಹುಡುಗಿಯ ಸೋದರಮಾವ ಬೈಕೊಂದರಲ್ಲಿ ಬಂದು ಕಿಟಕಿಯ ಮುಂದೆ ನಿಂತರು. ಅವರು ಬೈಯಲಿಲ್ಲ. ಮುಹೂರ್ತ ಮೀರಿದೆ ಎಂದು ಹೇಳಿ, ಇನ್ನೊಂದು ಮುಹೂರ್ತ ಯಾವಾಗ ಇದೆ ಅಂತ ಮೈಕಿನಲ್ಲಿ ಹೇಳಿಬಿಡಿ ಅಂದರು. ಅಂದಿನಿಂದ ಕೂಗುವ ಮುಂಚೆ ಒಂದು ಸಲ ಹೊರಗೆ ಬಂದು ಕಣ್ಣಾರೆ ನೋಡುವುದನ್ನು ರೂಢಿ ಮಾಡಿಕೊಂಡೆ. ಆ ರೂಢಿಯನ್ನು ಮೈಕಿಗೆ ಮಾತ್ರ ಇಟ್ಟುಕೊಂಡದ್ದು ನನ್ನ ದೊಡ್ಡ ತಪ್ಪು. ಅದನ್ನೇ ಈಗ ಹೇಳಬೇಕಾಗಿರುವುದು.

ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬರುವಾಗ ಗುಬ್ಬಿಕುಂಟೆ ಕ್ರಾಸ್ ಎಂಬ ನಿಲುಗಡೆ ಸಿಗುತ್ತದೆ. ಒಂದು ಬೇವಿನ ಮರ, ಒಂದು ಟ್ರಾಕ್ಟರ್ ರಿಪೇರಿ ಅಂಗಡಿ, ಅಷ್ಟೇ. ಒಳಗಡೆಯ ನಾಲ್ಕು ಹಳ್ಳಿಯವರು ಅಲ್ಲಿಗೆ ನಡೆದು ಬಂದು ಬಸ್ಸು ಹತ್ತುತ್ತಿದ್ದರು. ದೇವಸಮುದ್ರದಿಂದ ಹೊರಟು ಬೆಳಿಗ್ಗೆ ಎಂಟಕ್ಕೆ ಆ ಕ್ರಾಸಿಗೆ ಬರುವ ಬಸ್ಸೊಂದಿತ್ತು. ಉಳಿದ ಬಸ್ಸುಗಳು ಎಕ್ಸ್‌ಪ್ರೆಸ್, ಅಲ್ಲಿ ನಿಲ್ಲುತ್ತಿರಲಿಲ್ಲ.

ಒಂದು ವರ್ಷ ಬಸ್ಸುಗಳು ಸಾಲದೆ, ಯಾವ ಟ್ರಿಪ್ ತೆಗೆದರೆ ಜನಕ್ಕೆ ತೊಂದರೆಯಾಗುವುದಿಲ್ಲ ಎಂದು ಮೇಲಿನ ಕಚೇರಿಯಿಂದ ಕೇಳಿಕೆ ಬಂತು. ಆಗಿನ ನಮ್ಮ ಮ್ಯಾನೇಜರ್ ಕಾಗದಗಳು ಬೇಗ ಮೇಜು ಬಿಟ್ಟು ಹೋಗಬೇಕೆನ್ನುವ ಮನುಷ್ಯ. ಗುಬ್ಬಿಕುಂಟೆ ಕ್ರಾಸಿನಲ್ಲಿ ಮೂರು ದಿನ ನಿಂತು ಎಂಟು ಗಂಟೆಯ ಬಸ್ಸಿಗೆ ಎಷ್ಟು ಜನ ಹತ್ತುತ್ತಾರೆ ನೋಡಿ ವರದಿ ಕೊಡು ಎಂದು ನನಗೆ ಹೇಳಿದರು. ಆ ವಾರ ನಿಲ್ದಾಣದಲ್ಲಿ ಇನ್ನೊಬ್ಬ ಕಂಟ್ರೋಲರ್ ರಜೆಯಲ್ಲಿದ್ದ. ಹೋಗಿಬರಲು ಬೆಳಗಿನ ಹೊತ್ತೆಲ್ಲ ಬೇಕು. ಆ ಬಸ್ಸಿನ ಕಂಡಕ್ಟರನಿಗೆ ಫೋನ್ ಮಾಡಿ ಕೇಳಿದೆ. ಅವನು ಮೂರು ನಾಲ್ಕು ಜನ ಇರಬಹುದು ಅಂದ. ಆ ನಿಲುಗಡೆಯ ಮೇಲೆ ಅವನಿಗೆ ಬೇಸರವಿತ್ತು ಎಂದು ನನಗೆ ಗೊತ್ತಿತ್ತು. ಅಲ್ಲಿ ನಿಲ್ಲಿಸಿದರೆ ಚಳ್ಳಕೆರೆಯಲ್ಲಿ ತಿಂಡಿಗೆ ಹೊತ್ತು ಸಿಗುವುದಿಲ್ಲ ಎಂದು ಎಷ್ಟೋ ಸಲ ನನ್ನ ಮುಂದೆಯೇ ಗೊಣಗಿದ್ದ. ಆದರೂ ಅವನ ಮಾತನ್ನೇ ತೆಗೆದುಕೊಂಡು, ಕ್ಯಾಂಟೀನಿನಲ್ಲಿ ಕೂತು, ಮೊದಲ ದಿನ ಮೂರು, ಎರಡನೇ ದಿನ ನಾಲ್ಕು, ಮೂರನೇ ದಿನ ಮೂರು ಎಂದು ಬರೆದೆ. ಖುದ್ದು ಪರಿಶೀಲಿಸಲಾಗಿದೆ ಎಂದು ಸಹಿ ಹಾಕಿದೆ. ಹದಿನೈದು ದಿನದಲ್ಲಿ ಆ ಟ್ರಿಪ್ ನಿಂತಿತು. ನಾನು ಅದನ್ನು ಮರೆತೆ.

ನೆನಪಿಸಿದವರು ಗಂಗಮ್ಮ.

ಒಂದು ಸೋಮವಾರ ಹನ್ನೊಂದು ಗಂಟೆಗೆ ನಲವತ್ತೈದು ದಾಟಿದ ಹೆಂಗಸೊಬ್ಬರು ಕಿಟಕಿಗೆ ಬಂದರು. ಗುಬ್ಬಿಕುಂಟೆಯವರು, ಎರಡು ಎಕರೆ ಶೇಂಗಾ ಹೊಲ. ಗಂಡ ಬೋರಣ್ಣನಿಗೆ ಮೂತ್ರಪಿಂಡ ಕೆಟ್ಟು, ಸೋಮವಾರ ಮತ್ತು ಗುರುವಾರ ಚಳ್ಳಕೆರೆಯಲ್ಲಿ ಡಯಾಲಿಸಿಸ್. ಹತ್ತು ಗಂಟೆಗೆ ಮಲಗಿಸಬೇಕು. ಹೊತ್ತು ತಪ್ಪಿದರೆ ಆ ಹಾಸಿಗೆಯನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಅವರೂ ಅದೇ ಕಾಯಿಲೆಯವರು, ತಕರಾರು ಮಾಡುವ ಹಾಗಿಲ್ಲ. ಬಸ್ಸು ನಿಂತ ಮೇಲೆ ಟೊಮೇಟೊ ಒಯ್ಯುವ ಟೆಂಪೋದ ಹಿಂದೆ ಗಂಡನನ್ನು ಕೂರಿಸಿಕೊಂಡು ಬರುತ್ತಿದ್ದರು. ಅವತ್ತು ಟೆಂಪೋ ತಡವಾಗಿ ಹಾಸಿಗೆ ಹೋಗಿತ್ತು. ಬೋರಣ್ಣ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಮುಖ, ಕಾಲು ಊದಿದ್ದವು. ಗಂಗಮ್ಮ ಸಿಟ್ಟಿನಿಂದ ಮಾತಾಡಲಿಲ್ಲ. ಎಂಟು ಗಂಟೆ ಬಸ್ಸು ಮತ್ತೆ ಬರಬೇಕಾದರೆ ಯಾರಿಗೆ ಅರ್ಜಿ ಕೊಡಬೇಕು, ಅದರಲ್ಲಿ ಏನು ಬರೆಯಬೇಕು ಎಂದು ಕೇಳಿದರು. ನಾನು ಹೇಳಿದೆ. ಟ್ರಿಪ್ ಯಾಕೆ ನಿಂತಿತು ಎಂದು ಕೇಳಿದರು. ಮೇಲಿನವರ ತೀರ್ಮಾನ ಅಂದೆ.

ಅಲ್ಲಿಂದ ಆರು ತಿಂಗಳು ಅವರು ಪ್ರತಿ ಸೋಮವಾರ, ಗುರುವಾರ ಬಂದರು. ಗಂಡನನ್ನು ಆಸ್ಪತ್ರೆಯಲ್ಲಿ ಮಲಗಿಸಿ ನಾಲ್ಕು ಗಂಟೆಯ ಬಿಡುವಿನಲ್ಲಿ ಓಡಾಡುತ್ತಿದ್ದರು. ಒಂದು ದಿನ ಡಿಪೋ, ಒಂದು ದಿನ ತಾಲ್ಲೂಕು ಕಚೇರಿ, ಒಂದು ದಿನ ಸುಮ್ಮನೆ ನನ್ನ ಕಿಟಕಿ. ಜೊತೆಗೆ ಖಾದರ್ ಸಾಬ್ ಸೇರಿದರು. ಕ್ರಾಸಿನ ಟ್ರಾಕ್ಟರ್ ಅಂಗಡಿ ಅವರದು. ಮನೆ ಮೊಳಕಾಲ್ಮೂರಿನಲ್ಲಿ, ಅವರೂ ಅದೇ ಬಸ್ಸಿನಲ್ಲಿ ಅಂಗಡಿಗೆ ಬರುತ್ತಿದ್ದವರು. ಮನೆಯಲ್ಲಿ ಉರ್ದು, ಗಿರಾಕಿಗಳ ಜೊತೆ ಕನ್ನಡ ತೆಲುಗು ಎರಡೂ, ಅರ್ಜಿಯ ಅಕ್ಷರವಂತೂ ಅಚ್ಚಿನ ಹಾಗೆ. ಅವರ ಅಂಗಡಿಯ ಮುಂದೆ ಕೂತು ನಾಲ್ಕು ಹಳ್ಳಿಯವರು ಸಹಿ, ಹೆಬ್ಬೆಟ್ಟು ಹಾಕಿದರು. ಚಳ್ಳಕೆರೆಯ ಕಾಲೇಜಿಗೆ ಬರುವ ಏಳು ಜನ ಹುಡುಗಿಯರಿದ್ದರು. ಬಸ್ಸು ನಿಂತ ಮೇಲೆ ಇಬ್ಬರನ್ನು ಮನೆಯವರು ಬಿಡಿಸಿದ್ದರು. ಆ ಇಬ್ಬರ ಹೆಸರನ್ನೂ ಅರ್ಜಿಯಲ್ಲಿ ಬರೆದಿದ್ದರು.

ಯಾರೋ ರಸ್ತೆ ತಡೆ ಮಾಡೋಣವೆಂದರಂತೆ. ಗಂಗಮ್ಮ ಒಪ್ಪಲಿಲ್ಲವಂತೆ. ಆ ರಸ್ತೆಯಲ್ಲಿ ಆಂಬುಲೆನ್ಸ್ ಬರುತ್ತದೆ, ಅದರೊಳಗೆ ಯಾರಿರುತ್ತಾರೆ ಎಂದು ನನಗೆ ಗೊತ್ತಿದೆ ಅಂದರಂತೆ. ಇದನ್ನು ಖಾದರ್ ಸಾಬ್ ನನಗೆ ಹೇಳಿದ್ದು. ಹೊಸದಾಗಿ ಕೆಲಸಕ್ಕೆ ಬಂದವರು ಗಮನಿಸಬೇಕು: ಗದ್ದಲ ಮಾಡುವ ಪ್ರಯಾಣಿಕರು ಒಂದು ವಾರದಲ್ಲಿ ಮನೆಗೆ ಹೋಗುತ್ತಾರೆ. ಗದ್ದಲ ಮಾಡದೆ ವಾರಕ್ಕೆ ಎರಡು ಸಲ ಬಂದು ನಿಲ್ಲುವವರನ್ನು ಯಾವ ಕಚೇರಿಯೂ ತಡೆಯಲಾರದು.

ಈ ನಡುವೆ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತು. ಎಲ್ಲ ಬಸ್ಸುಗಳೂ ತುಂಬಿದವು, ಎಲ್ಲ ಕಡೆಯಿಂದಲೂ ಅರ್ಜಿ ಬಂದವು. ವಿಭಾಗದ ಕಚೇರಿಗೆ ಹೊಸ ಅಧಿಕಾರಿ ಬಂದಿದ್ದರು. ಹೆಂಗಸು, ಮಾತು ಕಡಿಮೆ. ಅವರು ಗುಬ್ಬಿಕುಂಟೆಯ ಅರ್ಜಿ ಓದಿ, ಮೂರು ದಿನ ಆ ಸಮಯಕ್ಕೆ ಒಂದು ಬಸ್ಸು ಬಿಟ್ಟು ಮತ್ತೆ ಎಣಿಸಿ ಎಂದು ಬರೆದರು. ಎಣಿಸುವ ಕೆಲಸ ಮತ್ತೆ ನನಗೇ ಬಂತು. ಈ ಸಲ ನಾನು ಹೋದೆ.

ಮೊದಲ ದಿನ ಮೊಳಕಾಲ್ಮೂರಿನಲ್ಲೇ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದೆ. ಕ್ರಾಸಿಗೆ ಬಂದರೆ ಬೇವಿನ ಮರದ ಕೆಳಗೆ ಅರವತ್ತು ಜನ. ಡ್ರೈವರ್ ನನ್ನ ಮುಖ ನೋಡಿದ. ಸೊಂಟ ಬಾಗಿದ ಅಜ್ಜಿಯರು, ಕೈಯಲ್ಲಿ ಕುಡುಗೋಲು ಹಿಡಿದವರು, ಎರಡು ಮೂರು ಹಸುಗೂಸುಗಳು. ಕಂಬಳಿ ಹೊದ್ದ ಕುರಿಗಾಹಿಯೊಬ್ಬ ಹತ್ತುವಾಗ ಹಿಂತಿರುಗಿ ಕುರಿಗಳ ಕಡೆ ನೋಡುತ್ತಲೇ ಇದ್ದ. ಬಸ್ಸು ಹೊರಟಿತು. ಎರಡು ಕಿಲೋಮೀಟರ್ ದೂರದ ಮುಂದಿನ ನಿಲುಗಡೆಯಲ್ಲಿ ನಲವತ್ತೊಂದು ಜನ ಇಳಿದರು. ಕುರಿಗಾಹಿ ಇಳಿದವನೇ ಬಂದ ದಾರಿಯಲ್ಲಿ ಓಡಿದ. ಹತ್ತೊಂಬತ್ತು ಜನ ಬಸ್ಸಿನಲ್ಲಿ ಉಳಿದರು.

ನಾನು ಎದ್ದು ಹೋಗಿ ಗಂಗಮ್ಮನ ಹಿಂದಿನ ಸೀಟಿನಲ್ಲಿ ಕೂತೆ. ಬೋರಣ್ಣ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು.

"ಅವ್ವಾ, ಈಗಿನ ಟಿಕೆಟ್ ಮಷೀನು ಯಾರು ಎಲ್ಲಿ ಹತ್ತಿ ಎಲ್ಲಿ ಇಳಿದ್ರು ಅಂತ ಬರ್ಕಂತೈತೆ. ಹೆಂಗಸ್ರ ಉಚಿತ ಟಿಕೆಟ್ಟೂ ಅದ್ರಾಗೆ ಬರ್ತೈತೆ" ಅಂದೆ. "ನಲವತ್ತೊಂದು ಜನ ಎರಡು ಕಿಲೋಮೀಟ್ರಿಗೆ ಹತ್ತಿದ್ರು ಅಂತ ಆಫೀಸಿನಾಗೆ ಕಾಣ್ತೈತೆ."

ಅವರು ತಿರುಗಲಿಲ್ಲ. ಮುಂದೆ ನೋಡುತ್ತಲೇ ಮೆಲ್ಲಗೆ ಹೇಳಿದರು.

"ನಾನೇ ಕರ್ದೆ ಸಾರ್. ಖಾದರ್ ಸಾಬ್ರು ಬ್ಯಾಡ ಅಂದ್ರು, ನಾನು ಕೇಳ್ಲಿಲ್ಲ. ಹೋದ ಸಲ ಎಣ್ಸಿದಾಗ ಮೂರೇ ಜನ ಅಂತ ಬರ್ದಿದ್ರಂತೆ. ಆ ಮೂರು ದಿನಾನೂ ನಾವು ಹದಿನೈದು ಹದಿನಾರು ಜನ ಹತ್ತೀವಿ. ಎಣ್ಸೋರು ಮಾತ್ರ ಯಾರೂ ಕಾಣ್ಲಿಲ್ಲ. ಇದ್ದೋರ್ನ ಇಲ್ಲ ಅಂತ ಬರ್ಯೋದಾದ್ರೆ, ಇಲ್ದೋರ್ನ ತಂದು ತೋರ್ಸದೆ ಇನ್ನೇನು ಮಾಡ್ಬೇಕು?"

ಬರೆದವನು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ಅಲ್ಲೇ ಹೇಳಿಬಿಡಬಹುದಿತ್ತು, ಹೇಳಲಿಲ್ಲ. ನಾಳೆಯಿಂದ ನಿಜವಾಗಿ ಚಳ್ಳಕೆರೆಗೆ ಬರುವವರು ಮಾತ್ರ ಬಂದರೆ ಸಾಕು ಎಂದಷ್ಟೇ ಹೇಳಿ ನನ್ನ ಸೀಟಿಗೆ ಹೋದೆ. ಎರಡನೇ ದಿನ ಹದಿನೆಂಟು ಜನ, ಮೂರನೇ ದಿನ ಇಪ್ಪತ್ತು. ಕಾಲೇಜು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬಳು ಮೂರನೇ ದಿನ ಪುಸ್ತಕದ ಚೀಲ ಹಾಕಿಕೊಂಡು ಹತ್ತಿದಳು.

ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮೊದಲ ದಿನ ನಲವತ್ತೊಂದು ಜನ ಮುಂದಿನ ನಿಲುಗಡೆಯಲ್ಲಿ ಇಳಿದದ್ದನ್ನೂ ಬರೆದೆ. ಹಳೆಯ ವರದಿಯ ವಿಷಯ ಬರೆಯಲಿಲ್ಲ. ಕೇಳಿದರೆ ಹೇಳೋಣ ಎಂದುಕೊಂಡೆ. ಕೇಳದಿದ್ದರೆ ಒಳ್ಳೆಯದು ಎಂದೂ ಅಂದುಕೊಂಡಿದ್ದೆ.

ವಿಭಾಗದ ಕಚೇರಿಯಲ್ಲಿ ಒಂದು ಸಭೆ ಕರೆದರು. ಅಧಿಕಾರಿ, ನಮ್ಮ ಮ್ಯಾನೇಜರ್, ನಾನು, ಪ್ರಯಾಣಿಕರ ಪರವಾಗಿ ಗಂಗಮ್ಮ ಮತ್ತು ಖಾದರ್ ಸಾಬ್. ಅಧಿಕಾರಿಯ ಮುಂದೆ ನನ್ನ ಎರಡೂ ವರದಿಗಳಿದ್ದವು. ಮ್ಯಾನೇಜರ್ ಮೊದಲು ಮಾತಾಡಿದರು. ಇವರು ಬಾಡಿಗೆಗೆ ತಂದಂತೆ ಜನರನ್ನು ತಂದು ಹತ್ತಿಸಿದ್ದಾರೆ, ನಮ್ಮ ಕಂಟ್ರೋಲರೇ ಅದನ್ನು ಹಿಡಿದು ಬರೆದಿದ್ದಾರೆ, ಇಂಥವರ ಅರ್ಜಿಯನ್ನು ನಂಬಿ ಬಸ್ಸು ಬಿಟ್ಟರೆ ನಾಳೆ ಎಲ್ಲ ಊರಿನವರೂ ಇದನ್ನೇ ಮಾಡುತ್ತಾರೆ ಅಂದರು. ನಾನು ಹಿಡಿಯಬೇಕೆಂದು ಬರೆದದ್ದಲ್ಲ. ಆದರೆ ಕಾಗದ ಒಮ್ಮೆ ಕೈ ಬಿಟ್ಟ ಮೇಲೆ ಅದನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಓದುತ್ತಾರೆ.

ಅಧಿಕಾರಿ ಗಂಗಮ್ಮನನ್ನು ಕೇಳಿದರು. ಅವರು ಹೌದು, ತಪ್ಪಾಗಿದೆ ಅಂದರು. ಖಾದರ್ ಸಾಬ್ ಏನೋ ಹೇಳಲು ಎದ್ದರು, ಗಂಗಮ್ಮ ಕೈ ಹಿಡಿದು ಕೂರಿಸಿದರು.

ಅಧಿಕಾರಿ ಹಳೆಯ ವರದಿಯನ್ನು ಮೇಲಕ್ಕೆತ್ತಿ, ಆಗ ಮೂರು ಜನ ಇದ್ದದ್ದು ಈಗ ಹತ್ತೊಂಬತ್ತು ಹೇಗಾಯಿತು ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆಗೆಯುವ ಮುಂಚೆ ಮ್ಯಾನೇಜರ್, ಹೆಂಗಸರಿಗೆ ಉಚಿತವಾದ ಮೇಲೆ ಹೆಚ್ಚಾಗಿರಬೇಕು ಮೇಡಂ, ಇದು ಎಷ್ಟು ದಿನ ಇರುತ್ತದೋ ಅಂದರು. ಆ ಉತ್ತರ ಸಲೀಸಾಗಿತ್ತು. ಹೌದು ಎಂದು ತಲೆಯಾಡಿಸಿದ್ದರೆ ನನ್ನ ಮಟ್ಟಿಗೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ನಿವೃತ್ತಿಗೆ ಎರಡೂವರೆ ವರ್ಷ ಬಾಕಿಯಿತ್ತು.

"ಮೇಡಂ, ಆ ಹಳೇ ವರದಿ ಸುಳ್ಳು" ಅಂದೆ. "ನಾನು ಕ್ರಾಸಿಗೆ ಹೋಗಿರ್ಲಿಲ್ಲ. ನಿಲ್ದಾಣದಾಗೆ ಕುಂತು ಬರ್ದಿದ್ದು. ಇವ್ರು ಮಾಡಿದ್ದು ತಪ್ಪು ಅನ್ನೋದಾದ್ರೆ, ಮೊದ್ಲು ತಪ್ಪು ಎಣಿಸಿದೋನು ನಾನು."

ಮ್ಯಾನೇಜರ್ ನನ್ನ ಕಡೆ ನೋಡಲಿಲ್ಲ. ಗಂಗಮ್ಮ ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತು ಎಂದು ಬರೆದರೆ ಸುಲಭವಾಗುತ್ತದೆ, ಆದರೆ ಸಿಟ್ಟಲ್ಲ. ಆರು ತಿಂಗಳು ತಾವು ಯಾರ ಕಿಟಕಿಗೆ ಬಂದು ದಾರಿ ಕೇಳಿದ್ದು ಎಂಬುದನ್ನು ಅವರು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದಂತೆ ಕಂಡಿತು. ಅಧಿಕಾರಿ ಇದನ್ನೇ ಬರೆದು ಸಹಿ ಮಾಡಿ ಕೊಡಿ ಎಂದು ನನಗೆ ಹೇಳಿ, ಟಿಕೆಟ್ ಮಷೀನಿನ ಮೂರು ದಿನದ ವಿವರ ತರಿಸಿ ನೋಡಿದರು. ಎಂಟು ಗಂಟೆಯ ಬಸ್ಸನ್ನು ಮೂರು ತಿಂಗಳ ಮಟ್ಟಿಗೆ ಬಿಡಿ, ಜನ ಉಳಿದರೆ ಖಾಯಂ ಮಾಡಿ ಎಂದು ಅಲ್ಲೇ ಬರೆದರು.

ಹೊರಗೆ ಮರದ ಕೆಳಗೆ ಟೀ ಅಂಗಡಿಯಿತ್ತು. ಖಾದರ್ ಸಾಬ್ ನನ್ನನ್ನೂ ಕರೆದು ಟೀ ಕೊಡಿಸಿದರು. "ರುದ್ರಣ್ಣ, ಇವತ್ತಾರ ಹೇಳಿದ್ರಲ್ಲ, ಬಿಡ್ರಿ" ಅಂದರು. ಗಂಗಮ್ಮ ಅರ್ಧ ಲೋಟ ಕುಡಿದು ಇಟ್ಟರು.

"ನಮ್ಮನೇರು ಟೆಂಪೋ ಹಿಂದೆ ಕುಂತ್ಕಂಡು ಬರ್ವಾಗ ಎಲ್ಡು ಸಲ ಜ್ಞಾನ ತಪ್ಪಿತ್ತು ಸಾರ್" ಅಂದರು. ಅಷ್ಟೇ. ಆಮೇಲೆ ಆ ವಿಷಯವನ್ನು ಅವರು ಯಾವತ್ತೂ ಎತ್ತಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ನನಗೆ ಆಪಾದನಾ ಪತ್ರ ಬಂತು, ವಿಚಾರಣೆಯಾಯಿತು, ಎಚ್ಚರಿಕೆ ಕೊಟ್ಟು ಮುಗಿಸಿದರು. ಒಂದು ವರ್ಷ ಮ್ಯಾನೇಜರ್ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದರು. ಅಂದು ಫೋನಿನಲ್ಲಿ ಲೆಕ್ಕ ಹೇಳಿದ್ದ ಕಂಡಕ್ಟರ್ ಒಂದು ದಿನ ಬಂದು, ನನ್ನ ಹೆಸರು ಯಾಕೆ ಹೇಳಲಿಲ್ಲ ಅಣ್ಣ ಎಂದು ಕೇಳಿದ. ಸಹಿ ನಿನ್ನದಿರಲಿಲ್ಲವಲ್ಲ ಅಂದೆ.

ಹೊಸಬರಿಗೆ ಇನ್ನೊಂದು ಮಾತು. ನಾನು ಕಂಡಕ್ಟರ್ ಆಗಿದ್ದಾಗ ಕಾಗದದ ಟಿಕೆಟ್ಟು, ತೂತು ಹಾಕುವ ಪಂಚು. ಯಾರು ಎಲ್ಲಿ ಹತ್ತಿದರು ಎಂಬುದು ನಮ್ಮ ತಲೆಯಲ್ಲಿತ್ತು, ಕಚೇರಿಗೆ ಗೊತ್ತಾಗುತ್ತಿರಲಿಲ್ಲ. ಈಗ ಎಲ್ಲವೂ ಮಷೀನಿನಲ್ಲಿದೆ, ಬಸ್ಸು ಎಲ್ಲಿದೆ ಎಂಬುದು ಮೊಬೈಲಿನಲ್ಲಿ ಕಾಣುತ್ತದೆ. ಆದರೆ ಬಸ್ಸು ನಿಲ್ಲಿಸದೆ ಹೋದರೆ ಕ್ರಾಸಿನಲ್ಲಿ ಉಳಿದವರು ಯಾವ ಮಷೀನಿಗೂ ಸಿಗುವುದಿಲ್ಲ. ಅವರನ್ನು ನೋಡಬೇಕಾದರೆ ಅಲ್ಲಿಗೇ ಹೋಗಿ ನಿಲ್ಲಬೇಕು. ಸಭೆಯ ನಂತರ ನಾನು ತಿಂಗಳಿಗೊಂದು ಸಲ ರಜೆಯ ದಿನ ಯಾವುದಾದರೊಂದು ನಿಲುಗಡೆಗೆ ಹೋಗಿ ಒಂದು ಗಂಟೆ ನಿಲ್ಲುತ್ತಿದ್ದೆ. ದೊಡ್ಡಉಳ್ಳಾರ್ತಿಯಲ್ಲಿ ಕಾವಲು ಎನ್ನುವ ಸರ್ಕಾರಿ ಹುಲ್ಲುಗಾವಲಿನ ಪಕ್ಕ ಕೆಲಸಕ್ಕೆ ಹೋಗುವ ಹೆಂಗಸರು ಬಸ್ಸಿನ ಹಿಂದೆ ಓಡುವುದನ್ನು ನೋಡಿ, ಮಾರನೆಯ ದಿನ ಡ್ರೈವರನಿಗೆ ಹೇಳಿ ನಿಲುಗಡೆಯನ್ನು ನೂರು ಹೆಜ್ಜೆ ಮುಂದಕ್ಕೆ ಹಾಕಿಸಿದೆ. ಅದಕ್ಕೆ ಯಾರ ಆದೇಶವೂ ಬೇಕಾಗಲಿಲ್ಲ.

ಎಂಟು ಗಂಟೆಯ ಬಸ್ಸು ಮೂರು ತಿಂಗಳು ಓಡಿತು. ಜನ ಉಳಿದರು. ಖಾಯಮಾಯಿತು. ಗಂಗಮ್ಮ, ಬೋರಣ್ಣ ಸೋಮವಾರ, ಗುರುವಾರ ಒಂಬತ್ತೂಕಾಲಿಗೆ ಬಂದು ಇಳಿಯುತ್ತಿದ್ದರು. ಬೋರಣ್ಣ ನನ್ನ ಕಿಟಕಿಯ ಕಡೆ ಕೈಯೆತ್ತಿ ಹೋಗುತ್ತಿದ್ದರು. ಅವರಿಗೆ ಸಭೆಯ ವಿಷಯ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಹೀಗೆ ಒಂದು ವರ್ಷದ ಮೇಲೆ ಕೆಲವು ತಿಂಗಳು.

ಆಮೇಲೆ ಎರಡು ವಾರ ಅವರು ಕಾಣಲಿಲ್ಲ. ಮೂರನೇ ವಾರದ ಗುರುವಾರ ಗಂಗಮ್ಮ ಒಬ್ಬರೇ ಇಳಿದರು. ಹಣೆ ನೋಡಿ ನನಗೆ ಗೊತ್ತಾಯಿತು. ಎದ್ದು ಹೊರಗೆ ಬಂದೆ. ಮನೆಯಲ್ಲೇ ಆಯಿತು, ಬೆಳಿಗ್ಗೆ ನೀರು ಕೇಳಿ ಕುಡಿದು ಮಲಗಿದರು ಅಂದರು. ಆಸ್ಪತ್ರೆಯಲ್ಲಿ ಅವರ ಚೀಟಿ, ಪುಸ್ತಕ ವಾಪಸು ಕೊಡಲು ಬಂದಿದ್ದರು. ಬೆಂಚಿನ ಮೇಲೆ ಕೂರಿಸಿದೆ. ನೀರು ತರಿಸಿದೆ.

ಅವರೇ ಮಾತಾಡಿದರು.

"ಸಾರ್, ಇನ್ಮೇಲೆ ನಾವಿಬ್ರು ಬರಲ್ಲ. ನಿಮ್ಮ ಲೆಕ್ಕದಾಗೆ ಎಲ್ಡು ತೆಗಿರಿ."

"ಹಂಗೆಲ್ಲ ತೆಗೆಯೋದು ಬ್ಯಾಡವ್ವ" ಅಂದೆ.

"ಬ್ಯಾಡ ಅಂದ್ರೆ ಹೆಂಗೆ. ಸರಿಯಾಗಿ ಬರ್ಕಳ್ರಿ. ಎಲ್ಡು ತೆಗೆದ್ರೂ ಬಸ್ಸು ನಿಲ್ತೈತಾ?"

ಕೋಣೆಯಿಂದ ಆ ತಿಂಗಳ ವಿವರ ತಂದು ತೋರಿಸಿದೆ. ಕ್ರಾಸಿನಲ್ಲಿ ದಿನಕ್ಕೆ ಮೂವತ್ತರ ಹತ್ತಿರ ಹತ್ತುತ್ತಿದ್ದರು. ಹುಡುಗಿಯರೇ ಹನ್ನೊಂದು ಜನ. ಗಂಗಮ್ಮನಿಗೆ ಓದು ಬರುತ್ತಿತ್ತು. ಕಾಗದವನ್ನು ಹತ್ತಿರ ಹಿಡಿದು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಕೊನೆಗೆ ಮಡಿಚಿ ನನ್ನ ಕೈಗೆ ಕೊಟ್ಟರು. ಆಸ್ಪತ್ರೆಗೆ ಹೊತ್ತಾಗುತ್ತದೆ ಅಂತ ಎದ್ದು ಸೆರಗು ಹೊದ್ದುಕೊಂಡು ಹೊರಟರು.

ನಾನು ಒಳಗೆ ಬಂದು, ಮಷೀನಿನ ಲೆಕ್ಕ ನೋಡಿಕೊಂಡು, ಅವತ್ತಿನ ಹಾಳೆಯಲ್ಲಿ ಗುಬ್ಬಿಕುಂಟೆ ಕ್ರಾಸಿನ ಎದುರು ಇಪ್ಪತ್ತೆಂಟು ಎಂದು ಬರೆದು ಸಹಿ ಮಾಡಿದೆ.